ಎರಡು ಬಿಂಬ ಒಂದಾಗುವ ತನಕ: ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾ ಕೊಳ್ಳುವವರಿಗೆ, ಬಳಸುವವರಿಗೆ

ನಾನು ಕೊಂಡ ಮೊದಲ ರೇಂಜ್‌ಫೈಂಡರ್ ಸೋವಿಯತ್ ಕಾಲದ ಒಂದು ಫಿಲ್ಮ್ ಕ್ಯಾಮೆರಾ, ಝೋರ್ಕಿ-4. ಭಾನುವಾರದ ಸಂತೆಯಲ್ಲಿ ಹಳೆ ರೇಡಿಯೋ, ಹಿತ್ತಾಳೆ ಬೀಗಗಳ ನಡುವೆ ಕೂತಿತ್ತು. ಕ್ರೋಮ್ ಫಳಫಳ ಹೊಳೆಯುತ್ತಿತ್ತು, ಗುಂಡಿ ಒತ್ತಿದರೆ ಟಕ್ ಅನ್ನುತ್ತಿತ್ತು. ಚೌಕಾಸಿಯಲ್ಲಿ ಗೆದ್ದೆ ಅಂದುಕೊಂಡು ಊರಿಗೆ ಹೋಗಿ ಅಜ್ಜಿಯ ಫೋಟೋ ತೆಗೆದೆ. ರೋಲ್ ತೊಳೆದು ಬಂದಾಗ ಅಜ್ಜಿಯ ಕಪ್ಪು ಸೀರೆಯ ಮೇಲೆಲ್ಲ ಬಿಳಿ ಚುಕ್ಕೆ. ಅವಳು ಅವತ್ತು ಉಟ್ಟಿದ್ದು ಚುಕ್ಕೆಯಿಲ್ಲದ ಸೀರೆ. ಕ್ಯಾಮೆರಾದೊಳಗೆ ಫಿಲ್ಮಿಗೆ ಬೆಳಕು ತಡೆಯುವ ಬಟ್ಟೆಯ ಪರದೆಗೆ (ಶಟರಿಗೆ) ಸೂಜಿಮೊನೆಯಷ್ಟು ತೂತುಗಳಿದ್ದವು. ಮೊಬೈಲಿನ ಟಾರ್ಚ್ ಹಿಡಿದು ಅರ್ಧ ನಿಮಿಷ ನೋಡಿದ್ದರೆ ಅಂಗಡಿಯಲ್ಲೇ ಗೊತ್ತಾಗುತ್ತಿತ್ತು.

ಅಲ್ಲಿಂದೀಚೆಗೆ ಹೊಳಪನ್ನೂ ಹೆಸರನ್ನೂ ಕೊನೆಗೆ ನೋಡುತ್ತೇನೆ. ಕೆಲಸ ಮಾಡುವ ಒಂದು ಕ್ಯಾಮೆರಾ ಕೊಂಡು, ಅದನ್ನು ದುಡಿಸುತ್ತಾ ಇಡುವುದು ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಗಾಜಿನ ಕಪಾಟಿನಲ್ಲಿ ಸಾಲಾಗಿ ಜೋಡಿಸುವ ಸಂಗ್ರಹಕಾರರಿಗೆ ಇದು ಹೆಚ್ಚು ಉಪಯೋಗಕ್ಕೆ ಬಾರದು.

ಮೊದಲು, ಇದು ಏನು ಮಾಡುತ್ತದೆ

ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ನೋಡಿ. ಬೆರಳು ಹಿಂದಿನ ಗೋಡೆಯ ಮೇಲೆ ಆಚೀಚೆ ಜಿಗಿಯುತ್ತದೆ. ಬೆರಳು ಹತ್ತಿರ ಬಂದಷ್ಟೂ ಜಿಗಿತ ದೊಡ್ಡದು. ರೇಂಜ್‌ಫೈಂಡರ್ ಇದೇ ಜಿಗಿತವನ್ನು ಅಳೆಯುತ್ತದೆ. ಮುಂಭಾಗದ ಎರಡು ಕಿಂಡಿಗಳೇ ಅದರ ಎರಡು ಕಣ್ಣು. ಎರಡರ ಬಿಂಬವೂ ವ್ಯೂಫೈಂಡರಿನ (ಕಣ್ಣಿಟ್ಟು ನೋಡುವ ಕಿಂಡಿಯ) ನಡುವಿನ ಸಣ್ಣ ಪ್ಯಾಚಿನಲ್ಲಿ ಒಂದರ ಮೇಲೊಂದು ಬೀಳುತ್ತವೆ. ಲೆನ್ಸ್ ತಿರುಗಿಸಿದಂತೆ ಒಂದು ಬಿಂಬ ಸರಿಯುತ್ತದೆ. ಎರಡೂ ಒಂದಾದಾಗ ಫೋಕಸ್ ಆಯಿತು ಎಂದರ್ಥ. ಇಲ್ಲಿ ನೀವು ಲೆನ್ಸಿನ ಮೂಲಕ ನೋಡುತ್ತಿಲ್ಲ ಎಂಬುದು ನೆನಪಿರಲಿ. ಮುಂದೆ ಹೇಳುವ ಅರ್ಧ ಫಜೀತಿಗಳ ಮೂಲ ಅದೇ.

ಎರಡು ಕಿಂಡಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಅಳತೆ ನಿಖರ. ಝೋರ್ಕಿಯಂತೆಯೇ ಸೋವಿಯತ್ತಿನದಾದ ಫೆಡ್-2ರಲ್ಲಿ ಅದು ಸುಮಾರು 67 ಮಿ.ಮೀ., ಝೋರ್ಕಿ-4ರಲ್ಲಿ ಸುಮಾರು 38. ಈ ಲೋಕದ ರಾಜ ಎನಿಸಿದ ಜರ್ಮನಿಯ ಲೈಕಾ ಎಂ3ರಲ್ಲಿ 68.5. ಹಳ್ಳಿಗಾಡಿನ ಸೈಕಲ್ಲಿನಂತಿರುವ ಫೆಡ್-2 ಈ ಒಂದು ವಿಷಯದಲ್ಲಿ ರಾಜನ ಪಕ್ಕದಲ್ಲೇ ಕೂರುತ್ತದೆ.

ಯಾವುದನ್ನು ಕೊಳ್ಳುವುದು

ಲೈಕಾ 1925ರಲ್ಲಿ ಮಾರುಕಟ್ಟೆಗೆ ಬಂತು. ಲೆನ್ಸಿಗೆ ಜೋಡಿಸಿದ ರೇಂಜ್‌ಫೈಂಡರ್ ಬಂದಿದ್ದು 1932ರ ಲೈಕಾ-2ರಲ್ಲಿ. ಅದೇ ವರ್ಷ ಝೈಸ್ ಐಕಾನ್‌ನವರ ಕಾಂಟ್ಯಾಕ್ಸ್ ಕೂಡ ಬಂತು. ಉಳಿದವರೆಲ್ಲ ಈ ಎರಡನ್ನು ನೋಡಿ ಕಲಿತವರು. ಸೋವಿಯತ್ ನಕಲಿನ ಕಥೆ ಮಾತ್ರ ಸ್ವಲ್ಪ ನಿಂತು ಕೇಳುವಂಥದ್ದು. ಖಾರ್ಕಿವ್ ನಗರದಲ್ಲಿ ಶಿಕ್ಷಣತಜ್ಞ ಆಂಟನ್ ಮಕರೆಂಕೊ ಅನಾಥ ಮಕ್ಕಳಿಗಾಗಿ ನಡೆಸುತ್ತಿದ್ದ ಕಮ್ಯೂನಿನಲ್ಲಿ, 1934ರಿಂದ ಲೈಕಾದ ಪಡಿಯಚ್ಚು ತಯಾರಾಗತೊಡಗಿತು. ಅದಕ್ಕೂ ಮೊದಲು ಅಲ್ಲಿ ವಿದ್ಯುತ್ ಡ್ರಿಲ್ಲುಗಳನ್ನು ಮಾಡುತ್ತಿದ್ದರು. ರಹಸ್ಯ ಪೊಲೀಸ್ ವ್ಯವಸ್ಥೆ ಕಟ್ಟಿದ ಫೆಲಿಕ್ಸ್ ಎಡ್ಮಂಡೊವಿಚ್ ಜೆರ್ಜಿನ್ಸ್ಕಿಯ ಹೆಸರಿನ ಮೊದಲಕ್ಷರಗಳೇ ‘ಫೆಡ್’. ಯುದ್ಧದ ನಂತರ ಮಾಸ್ಕೋ ಬಳಿಯ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆ 1948ರಿಂದ ಅದೇ ವಿನ್ಯಾಸವನ್ನು ‘ಝೋರ್ಕಿ’ ಎಂದು ಮಾರಿತು. ಜರ್ಮನಿಯಿಂದ ಸಾಗಿಸಿದ ಕಾಂಟ್ಯಾಕ್ಸ್ ಯಂತ್ರಗಳು ಕೀವ್‌ನ ಆರ್ಸೆನಲ್ ಕಾರ್ಖಾನೆಗೆ ಹೋಗಿ ‘ಕೀವ್’ ಕ್ಯಾಮೆರಾಗಳಾದವು.

ಹೊಸಬರಿಗೆ ನಾನು ಎರಡೇ ದಾರಿ ಹೇಳುತ್ತೇನೆ.

ಒಂದು, ಲೆನ್ಸ್ ಬಿಚ್ಚಲಾಗದ ಜಪಾನಿ ಕ್ಯಾಮೆರಾ. 1966ರಲ್ಲಿ ಶುರುವಾದ ಯಾಶಿಕಾ ಎಲೆಕ್ಟ್ರೋ 35 ಸರಣಿ (45 ಮಿ.ಮೀ., ಎಫ್/1.7; ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ), 1972ರ ಕ್ಯಾನೊನೆಟ್ ಕ್ಯೂಎಲ್17 ಜಿ3 (40 ಮಿ.ಮೀ., ಎಫ್/1.7), ಮಿನೋಲ್ಟಾ ಹೈ-ಮ್ಯಾಟಿಕ್ ಇತ್ಯಾದಿ. ಇವು ಬೆಳಕನ್ನು ತಾವೇ ಅಳೆಯುತ್ತವೆ, ಲೆನ್ಸು ಚೂಪು, ಶಟರ್ ಸದ್ದು ಪಿಸುಮಾತಿನಷ್ಟು. ಮನೆಯಲ್ಲಿ ಮಕ್ಕಳ ಫೋಟೋ ತೆಗೆಯಲಿಕ್ಕೆ ಇವೇ ಸಾಕು.

ಎರಡು, 39 ಮಿ.ಮೀ. ಥ್ರೆಡ್ಡಿನ ಸೋವಿಯತ್ ಕ್ಯಾಮೆರಾ: ಫೆಡ್-2, ಫೆಡ್-3, ಝೋರ್ಕಿ-4. ಬೆಳಕು ಅಳೆಯುವ ಮೀಟರ್ ಇಲ್ಲ, ಬ್ಯಾಟರಿ ಇಲ್ಲ, ಎಲ್ಲವೂ ನಿಮ್ಮ ತಲೆಯಲ್ಲೇ ಆಗಬೇಕು. ಲೆನ್ಸ್ ಬದಲಾಯಿಸಬಹುದು. ಒಂದನ್ನೇ ಹೇಳು ಎಂದರೆ ಫೆಡ್-2 ಅನ್ನುತ್ತೇನೆ.

ಲೈಕಾ ಈಗಲೇ ಬೇಡ. ಒಂದು ವರ್ಷ ಇವುಗಳಲ್ಲಿ ಫೋಟೋ ತೆಗೆದ ಮೇಲೂ ಆಸೆ ಉಳಿದಿದ್ದರೆ ಆಗ ನೋಡೋಣ. ಚಿನ್ನದ ಬಣ್ಣದ, ಹದ್ದಿನ ಮುದ್ರೆಯ, ಜರ್ಮನ್ ವಾಯುಸೇನೆಯದ್ದೆಂದು ಹೇಳುವ ‘ಲೈಕಾ’ ಸಂತೆಯಲ್ಲಿ ಸಿಕ್ಕರೆ ಅದು ಬಹುತೇಕ ವೇಷ ಹಾಕಿದ ಫೆಡ್ ಅಥವಾ ಝೋರ್ಕಿ. ಲೆನ್ಸ್ ಬಿಚ್ಚಿ ಒಳಗೆ ಮೇಲ್ಭಾಗದಲ್ಲಿ ನೋಡಿ: ಲೆನ್ಸಿನ ಚಲನೆಯನ್ನು ರೇಂಜ್‌ಫೈಂಡರಿಗೆ ದಾಟಿಸುವ ಪುಟ್ಟ ಕೈಯ ತುದಿಯಲ್ಲಿ ಲೈಕಾಕ್ಕೆ ದುಂಡನೆಯ ಉರುಳೆ ಇರುತ್ತದೆ. ಸೋವಿಯತ್ ಕ್ಯಾಮೆರಾದಲ್ಲಿ ಅದು ಬೆಣೆಯಾಕಾರದ ಚಪ್ಪಟೆ ಲೋಹದ ತುಂಡು. ವೇಷ ಹಾಕಿದವರು ಅಲ್ಲಿಯವರೆಗೆ ಕೈ ಹಾಕಿರುವುದು ಕಡಿಮೆ.

ಎಲ್ಲಿ ಸಿಗುತ್ತವೆ? ದೆಹಲಿ ಚಾಂದನಿ ಚೌಕದ ಕೂಚಾ ಚೌಧರಿ ಕ್ಯಾಮೆರಾ ಮಾರುಕಟ್ಟೆ, ಮುಂಬೈನ ಚೋರ್ ಬಜಾರ್, ಬೆಂಗಳೂರಿನ ಭಾನುವಾರದ ಬಜಾರು. ವಿದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕವನ್ನು ಮೊದಲೇ ಬೆಲೆಗೆ ಸೇರಿಸಿಕೊಂಡು ಲೆಕ್ಕ ಹಾಕಿ. ಎಲ್ಲಕ್ಕಿಂತ ಒಳ್ಳೆಯ ಜಾಗ ನೆಂಟರ ಮನೆಯ ಅಟ್ಟ.

ಅಂಗಡಿಯಲ್ಲಿ ಹತ್ತು ನಿಮಿಷ

ಜೇಬಿನಲ್ಲಿ ಮೊಬೈಲ್ ಇದ್ದರೆ ಸಾಕು. ಮಾರುವವನು ಗಡಿಬಿಡಿ ಮಾಡಿದರೆ ನಕ್ಕು ಸುಮ್ಮನಿರಿ.

ಹಿಂಬದಿ ತೆಗೆಯಿರಿ. ಫೆಡ್-2, ಝೋರ್ಕಿ-4ರಲ್ಲಿ ತಳದ ಎರಡು ಕೀಲಿ ತಿರುಗಿಸಿದರೆ ಹಿಂಬದಿಯೂ ತಳವೂ ಒಟ್ಟಿಗೇ ಜಾರಿ ಕೈಗೆ ಬರುತ್ತವೆ. ಫೆಡ್-2ರಲ್ಲಿ ಫಿಲ್ಮ್ ಸುತ್ತಿಕೊಳ್ಳುವ ಸ್ಪೂಲ್ ಬಿಡಿಯಾಗಿರುತ್ತದೆ. ಅದು ಇದೆಯೇ ನೋಡಿ, ಕಳೆದುಹೋಗಿರುವುದೇ ಹೆಚ್ಚು. ಲೆನ್ಸ್ ಬಿಚ್ಚಿ, ಮುಂದಿನಿಂದ ಟಾರ್ಚ್ ಬಿಟ್ಟು ಹಿಂದಿನಿಂದ ಪರದೆ ನೋಡಿ. ಶಟರ್ ಎಳೆದ ಮೇಲೆ (ಫಿಲ್ಮ್ ಮುಂದೂಡುವ ಗುಂಡಿ ತಿರುಗಿಸಿದ ಮೇಲೆ) ಒಮ್ಮೆ, ಬಿಟ್ಟ ಮೇಲೆ ಒಮ್ಮೆ, ಯಾಕೆಂದರೆ ಪರದೆ ಎರಡಿದೆ. ಒಂದು ಚುಕ್ಕೆ ಬೆಳಕು ಕಂಡರೂ ಅದು ಫಿಲ್ಮಿನ ಮೇಲೆ ಕಾಣುತ್ತದೆ.

ಇಲ್ಲಿ ಕೈ ಹಿಡಿದು ಹೇಳಬೇಕಾದ ಮಾತೊಂದಿದೆ. ಸೋವಿಯತ್ ಕ್ಯಾಮೆರಾದಲ್ಲಿ ಮೊದಲು ಶಟರ್ ಎಳೆಯಬೇಕು, ಆಮೇಲೆ ಶಟರ್ ವೇಗ (ಪರದೆ ತೆರೆದಿರುವ ಹೊತ್ತು) ಬದಲಾಯಿಸಬೇಕು. ಎಳೆಯದೆ ಝೋರ್ಕಿ-4ರ ಡಯಲ್ ತಿರುಗಿಸಿದರೆ ನಿಧಾನ ವೇಗದ ಗಿಯರ್ ಹಾಳಾಗಬಹುದು. ಅಂಗಡಿಯವನೇ ಎಳೆಯದೆ ಗಿರಗಿರ ತಿರುಗಿಸಿ ತೋರಿಸಿದರೆ, ಅವನ ಕೈಲಿ ಆ ಕ್ಯಾಮೆರಾ ಎಷ್ಟು ಸಲ ಹಾಗೆ ತಿರುಗಿದೆಯೋ ದೇವರೇ ಬಲ್ಲ.

ಈಗ ಶಟರಿನ ಸದ್ದು ಕೇಳಿ. ಝೋರ್ಕಿ-4ರ ಒಂದು ಸೆಕೆಂಡಿನ ವೇಗದಲ್ಲಿ ಗಿಯರ್ ‘ಝೀಂ’ ಎಂದು ಒಂದೇ ಸಮ ಹಾಡಿ ನಿಲ್ಲಬೇಕು. ನಡುವೆ ಉಸಿರು ಕಟ್ಟಿದಂತೆ ತಡೆದರೆ ಒಳಗೆ ಗ್ರೀಸ್ ಗಟ್ಟಿಯಾಗಿದೆ. ಅನುಮಾನವಿದ್ದರೆ ಕ್ಯಾಮೆರಾವನ್ನು ಬೆಳಕಿನ ಕಿಟಕಿಯತ್ತ ಹಿಡಿದು, ಹಿಂದಿನಿಂದ ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್ ತೆಗೆಯಿರಿ. 1/30ರಲ್ಲಿ ಸುಮಾರು ಎಂಟು ಫ್ರೇಮಿನಷ್ಟು ಹೊತ್ತು ಬೆಳಕು ಕಾಣಬೇಕು. ಹನ್ನೆರಡು ಕಂಡರೆ ಶಟರ್ ನಿಧಾನ, ಅಷ್ಟೇ. ನೆಗೆಟಿವ್ ಫಿಲ್ಮ್ ಹೆಚ್ಚಿನ ಬೆಳಕನ್ನು ತಡೆದುಕೊಳ್ಳುತ್ತದೆ. ಶಟರ್ ಪೂರ್ತಿ ತೆರೆಯದೆ ಫ್ರೇಮಿನ ಒಂದು ಅಂಚು ಕಪ್ಪಾಗೇ ಉಳಿದರೆ ಮಾತ್ರ ಬಿಟ್ಟು ಬನ್ನಿ.

ಆಮೇಲೆ ರೇಂಜ್‌ಫೈಂಡರ್. ಲೆನ್ಸನ್ನು ಅನಂತಕ್ಕೆ (∞ ಗುರುತಿಗೆ) ತಿರುಗಿಸಿ, ದೂರದ ಮೊಬೈಲ್ ಟವರನ್ನೋ ನೀರಿನ ಟ್ಯಾಂಕನ್ನೋ ನೋಡಿ. ಪ್ಯಾಚಿನಲ್ಲಿ ಅದು ಒಂದಾಗಿ ಕಾಣಬೇಕು. ಆಚೀಚೆ ಎರಡಾಗಿ ಕಂಡರೆ ಚಿಂತೆಯಿಲ್ಲ, ಸರಿಮಾಡಬಹುದು. ಪ್ಯಾಚೇ ಕಾಣದಷ್ಟು ಮಸುಕಾಗಿದ್ದರೆ ಒಳಗಿನ ಅರೆಗನ್ನಡಿಯ ಲೇಪ ಹೋಗಿದೆ, ಅದು ದೊಡ್ಡ ಕೆಲಸ. ಪೂರ್ತಿ ವ್ಯೂಫೈಂಡರೇ ಮಂಜಾಗಿ ಕಂಡರೆ ಗಾಬರಿ ಬೀಳುವ ಮುಂಚೆ ರಿವೈಂಡ್ ಗುಂಡಿಯ ಬುಡದಲ್ಲಿರುವ ಸಣ್ಣ ಹಿಡಿಯನ್ನು ಆಡಿಸಿ ನೋಡಿ. ಅದು ನಿಮ್ಮ ದೃಷ್ಟಿಗೆ ಹೊಂದಿಸುವ ಡಯಾಪ್ಟರ್. ‘ವ್ಯೂಫೈಂಡರ್ ಹಾಳಾಗಿದೆ’ ಎಂದು ಅಗ್ಗಕ್ಕೆ ಕೊಟ್ಟ ಕ್ಯಾಮೆರಾವನ್ನು ಹೀಗೆ ಒಂದೇ ಬೆರಳಲ್ಲಿ ‘ರಿಪೇರಿ’ ಮಾಡಿದ್ದೇನೆ. ‘ಶಟರ್ ಜಾಮ್’ ಎನ್ನುವ ಝೋರ್ಕಿ-4ರದ್ದೂ ಇದೇ ಕಥೆ ಇರಬಹುದು: ಶಟರ್ ಗುಂಡಿಯ ಸುತ್ತಲಿನ ಬಳೆ ರಿವೈಂಡ್ ಸ್ಥಾನದಲ್ಲೇ ಉಳಿದುಬಿಟ್ಟಿರುತ್ತದೆ.

ಕೊನೆಗೆ ಲೆನ್ಸ್. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದು, ಟಾರ್ಚನ್ನು ಓರೆಯಾಗಿ ಬಿಟ್ಟು ಗಾಜಿನೊಳಗೆ ನೋಡಿ. ಧೂಳಿನ ಕಣ ಇದ್ದೇ ಇರುತ್ತದೆ, ಬಿಡಿ. ಜೇಡರ ಬಲೆಯಂತೆ ಕವಲೊಡೆದ ಎಳೆ ಕಂಡರೆ ಬೂಷ್ಟು. ಅಂಚಿನಲ್ಲಿ ಒಂದೆರಡು ಎಳೆಯಿದ್ದರೆ ತೊಳೆಸಬಹುದು, ನಡುವಿನ ತನಕ ಹಬ್ಬಿದ್ದರೆ ಗಾಜಿನ ಲೇಪವನ್ನೇ ತಿಂದಿರುತ್ತದೆ. ಒಳಗೆ ಹಾಲಿನ ಕೆನೆಯಂಥ ಪೊರೆ ಇದ್ದರೆ ಫೋಟೋದಲ್ಲಿ ಕಪ್ಪು ಎಂಬುದೇ ಇರುವುದಿಲ್ಲ.

ಯಾಶಿಕಾ ಎಲೆಕ್ಟ್ರೋಗೆ ಇನ್ನೊಂದು ಪರೀಕ್ಷೆ: ಫಿಲ್ಮ್ ಎಳೆಯುವಾಗ ಒಳಗಿನಿಂದ ‘ಕ್ಲಂಕ್’ ಎಂಬ ಸದ್ದು ಬರಬೇಕು. ಬಾರದಿದ್ದರೆ ಒಳಗಿನ ಪುಟ್ಟ ರಬ್ಬರ್ ತುಂಡು ಕರಗಿಹೋಗಿದೆ, ಸ್ವಯಂಚಾಲಿತ ಎಕ್ಸ್‌ಪೋಷರನ್ನು ನೆಚ್ಚುವಂತಿಲ್ಲ. ಈ ಮಾಡೆಲಿಗೆ ಅದು ಹುಟ್ಟುರೋಗ.

ಬ್ಯಾಟರಿಯ ತಕರಾರು

ಜಪಾನಿ ಕ್ಯಾಮೆರಾಗಳು ಪಾದರಸದ ಬ್ಯಾಟರಿಗೆಂದು ಹುಟ್ಟಿದವು, ಅದೀಗ ಸಿಗುವುದಿಲ್ಲ. ಕ್ಯಾನೊನೆಟ್ಟಿಗೆ ಬೇಕಿದ್ದುದು 1.35 ವೋಲ್ಟ್. ಈಗಿನ 1.5 ವೋಲ್ಟ್ ಆಲ್ಕಲೈನ್ ಹಾಕಿದರೆ ಮೀಟರ್ ಇರುವುದಕ್ಕಿಂತ ಹೆಚ್ಚು ಬೆಳಕಿದೆ ಎಂದುಕೊಳ್ಳುತ್ತದೆ, ಫೋಟೋ ಕಪ್ಪಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕಿವಿ ಕೇಳಿಸುವ ಮೆಷಿನ್ನಿಗೆಂದು ಮಾರುವ 675 ನಂಬರಿನ ಬ್ಯಾಟರಿ ಕೇಳಿ. ಅದು ಸುಮಾರು 1.4 ವೋಲ್ಟ್, ಸುತ್ತ ಒಂದು ರಬ್ಬರ್ ಬಳೆ ಹಾಕಿದರೆ ಸರಿಯಾಗಿ ಕೂರುತ್ತದೆ. ಸ್ಟಿಕ್ಕರ್ ಕಿತ್ತ ಮೇಲೆ ಅದರ ಆಯಸ್ಸು ಕೆಲವು ವಾರ ಅಥವಾ ಒಂದೆರಡು ತಿಂಗಳು. ಯಾಶಿಕಾಕ್ಕೆ 5.6 ವೋಲ್ಟ್ ಬೇಕಿತ್ತು. ಈಗಿನ 6 ವೋಲ್ಟಿನ 4ಎಲ್ಆರ್44 ಹಾಕಿ, ಉಳಿದ ಜಾಗಕ್ಕೆ ಒಂದು ಸ್ಪ್ರಿಂಗ್ ತುರುಕಿದರೆ ಚೆನ್ನಾಗಿಯೇ ಓಡುತ್ತದೆ.

ಬಿಂಬ ಒಂದಾಗಿಸುವುದು

ಫೆಡ್-2 ಮತ್ತು ಝೋರ್ಕಿ-4ರಲ್ಲಿ ಇದನ್ನು ಮನೆಯಲ್ಲೇ ಮಾಡಬಹುದು. ಕನ್ನಡಕ ರಿಪೇರಿಯ ಸಣ್ಣ ಸ್ಕ್ರೂಡ್ರೈವರ್ ಸಾಕು. ಹುಣ್ಣಿಮೆಯ ಆಸುಪಾಸಿನ ರಾತ್ರಿ ಮಾಡಿ, ಚಂದ್ರನಿಗಿಂತ ಒಳ್ಳೆಯ ಗುರುತು ಬೇರೆ ಇಲ್ಲ. ಲೆನ್ಸ್ ಅನಂತಕ್ಕೆ ಇಟ್ಟು ನೋಡಿ. ಚಂದ್ರ ಎರಡಾಗಿದ್ದಾನೋ?

ಮುಂಭಾಗದಲ್ಲಿ, ದುಂಡನೆಯ ಚಿಕ್ಕ ಕಿಂಡಿಯ ಪಕ್ಕ ಮುಚ್ಚಳದಂತಿರುವ ಸಣ್ಣ ಸ್ಕ್ರೂ ಇದೆ. ಅದನ್ನು ಪೂರ್ತಿ ಬಿಚ್ಚಿ, ಬಟ್ಟಲಿಗೆ ಹಾಕಿ. (ನೆಲಕ್ಕೆ ಬಿದ್ದರೆ ಮೊಸಾಯಿಕ್ ನೆಲದಲ್ಲಿ ಅದನ್ನು ಹುಡುಕುವುದು ಒಂದು ಸಂಜೆಯ ಕೆಲಸ.) ತೂತಿನೊಳಗೆ ಇನ್ನೊಂದು ಸ್ಕ್ರೂ ಕಾಣುತ್ತದೆ. ಅದನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿ. ಎರಡು ಚಂದ್ರರು ಅಡ್ಡಡ್ಡ ಸರಿಯುತ್ತಾರೆ. ಒಬ್ಬನು ಮೇಲೆ, ಇನ್ನೊಬ್ಬನು ಕೆಳಗೆ ಇದ್ದರೆ ದುಂಡು ಕಿಂಡಿಯ ಸುತ್ತಲಿನ ಬಳೆ ಬಿಚ್ಚಿ, ಒಳಗಿನ ಗಾಜನ್ನು ಸ್ವಲ್ಪವೇ ತಿರುಗಿಸಬೇಕು. ಅದು ಒಂದು ಬದಿ ದಪ್ಪ, ಒಂದು ಬದಿ ತೆಳು ಇರುವ ಗಾಜು. ಅದನ್ನು ತಿರುಗಿಸಿದಾಗ ಅಡ್ಡ ಹೊಂದಾಣಿಕೆಯೂ ಕೊಂಚ ತಪ್ಪುತ್ತದೆ. ಆದ್ದರಿಂದ ಮೊದಲು ಮೇಲೆ-ಕೆಳಗಿನದನ್ನು ಸರಿಮಾಡಿ, ಆಮೇಲೆ ಸ್ಕ್ರೂಗೆ ಬನ್ನಿ.

ಮರುದಿನ ಟೇಪ್ ಹಿಡಿದು, ಫಿಲ್ಮ್ ಇರುವ ಜಾಗದಿಂದ ಸರಿಯಾಗಿ ಒಂದು ಮೀಟರ್ ದೂರದ ವಸ್ತುವಿಗೆ ಬಿಂಬ ಕೂಡಿಸಿ. ಲೆನ್ಸಿನ ಮೇಲೂ 1 ಎಂದೇ ತೋರಿಸಬೇಕು.

ಲೆನ್ಸಿನ ಮಾತು

ಸೋವಿಯತ್ ಕ್ಯಾಮೆರಾದ ಜೊತೆ ಬರುವ ಲೆನ್ಸುಗಳಲ್ಲಿ ಜುಪಿಟರ್-8 (50 ಮಿ.ಮೀ., ಎಫ್/2) ನನ್ನ ಮುದ್ದು. ಝೈಸ್‌ನಲ್ಲಿದ್ದ ಲುಡ್ವಿಗ್ ಬರ್ಟೆಲೆ ರೂಪಿಸಿದ ಸೊನ್ನಾರ್ ಲೆನ್ಸಿನ ವಿನ್ಯಾಸವೇ ಇದರ ತಾಯಿಬೇರು. ಆರು ಗಾಜುಗಳು, ಮೂರೇ ಗುಂಪು. ಗಾಜು-ಗಾಳಿ ಸೇರುವ ಮೇಲ್ಮೈ ಕಡಿಮೆ ಇರುವುದರಿಂದ ಬೆಳಕು ಒಳಗೆ ಚೆದುರುವುದು ಕಡಿಮೆ. ಎಫ್/2ರಲ್ಲಿ ಮುಖಗಳು ಮೆದುವಾಗಿ ಬರುತ್ತವೆ, ಎಫ್/5.6ರಲ್ಲಿ ಕಡ್ಡಿ ಮುರಿದಂತೆ ಸ್ಪಷ್ಟ. ಹಲವು ಲೆನ್ಸುಗಳಲ್ಲಿ ಸೀರಿಯಲ್ ನಂಬರಿನ ಮೊದಲೆರಡು ಅಂಕಿಯೇ ಹುಟ್ಟಿದ ವರ್ಷ. 62ರಿಂದ ಶುರುವಾದರೆ 1962ರದ್ದು. ಇಂಡಸ್ಟಾರ್-61 ಹೆಚ್ಚು ಚೂಪು, ಹೆಚ್ಚು ಗಟ್ಟಿಮುಟ್ಟು, ಸ್ವಲ್ಪ ನೀರಸ. ಜುಪಿಟರ್-12 (35 ಮಿ.ಮೀ.) ಹಿಂಬದಿಯ ಗಾಜು ಗುಳ್ಳೆಯಂತೆ ಹೊರಗೆ ಚಾಚಿರುತ್ತದೆ, ಮುಚ್ಚಳವಿಲ್ಲದೆ ಮೇಜಿನ ಮೇಲೆ ಇಟ್ಟಿರೋ, ಗೀರು ಬಿತ್ತು.

ಥ್ರೆಡ್ ಒಂದೇ ಆದರೂ ಸೋವಿಯತ್ ಲೆನ್ಸ್ ಮತ್ತು ಲೈಕಾ ದೇಹ ಪೂರ್ತಿ ಹೊಂದುವುದಿಲ್ಲ. ಲೈಕಾ ತನ್ನ ರೇಂಜ್‌ಫೈಂಡರನ್ನು 51.6 ಮಿ.ಮೀ. ಲೆನ್ಸಿನ ಲೆಕ್ಕದಲ್ಲಿ ಜೋಡಿಸಿದರೆ, ಸೋವಿಯತ್ತಿನವರು ಕಾಂಟ್ಯಾಕ್ಸಿನ 52.4 ಅನ್ನು ಹಿಡಿದರು. ದೂರಕ್ಕೆ ತೊಂದರೆಯಿಲ್ಲ. ಎಫ್/2ರಲ್ಲಿ ಒಂದು ಮೀಟರಿನ ಮುಖ ತೆಗೆದರೆ ಕಣ್ಣಿನ ಬದಲು ಬೇರೆಲ್ಲೋ ಫೋಕಸ್ ಕೂರುತ್ತದೆ. ಈಗಿನ ಡಿಜಿಟಲ್ ಮಿರರ್‌ಲೆಸ್ ಕ್ಯಾಮೆರಾಕ್ಕೆ ಅಡಾಪ್ಟರ್ ಹಾಕಿ ಬಳಸುವವರಿಗೆ ಈ ರಗಳೆಯೇ ಇಲ್ಲ, ಅವರು ಫೋಕಸನ್ನು ನೇರ ಸ್ಕ್ರೀನಿನಲ್ಲೇ ನೋಡುತ್ತಾರೆ. ಥ್ರೆಡ್ ಲೆನ್ಸಿಗೆ ಫಿಲ್ಮಿನಿಂದ 28.8 ಮಿ.ಮೀ. ದೂರ ಬೇಕು, ಸೋನಿ ಇ ಮೌಂಟಿನದು (ಲೆನ್ಸ್ ಕೂರುವ ಬಾಯಿ) 18. ನಡುವಿನ 10.8 ಮಿ.ಮೀ. ತುಂಬುವ ಲೋಹದ ಬಳೆಯೇ ಅಡಾಪ್ಟರ್.

ಮೊದಲ ರೋಲ್

ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಫಿಲ್ಮಿನ ಕಾಲ ಹೋಯಿತು. ಈಗ ಸಿಗುವುದೆಲ್ಲ ಆಮದು, ದುಬಾರಿ. ಹಾಗಾಗಿ ಮೊದಲ ರೋಲನ್ನು ಪರೀಕ್ಷೆಗೆಂದೇ ಇಡಿ, 400 ಐಎಸ್ಒದ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂಬ ಅಂಕಿ) ಅಗ್ಗದ ಕಪ್ಪು-ಬಿಳುಪು.

ಫಿಲ್ಮ್ ಹಾಕಿ ಮುಚ್ಚಿದ ಮೇಲೆ ರಿವೈಂಡ್ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ಸಡಿಲು ತೆಗೆಯಿರಿ. ಆಮೇಲೆ ಪ್ರತಿ ಸಲ ಫಿಲ್ಮ್ ಎಳೆದಾಗ ಆ ಗುಂಡಿ ತಾನೂ ತಿರುಗಬೇಕು. ತಿರುಗದಿದ್ದರೆ ನೀವು ಗಾಳಿಯ ಫೋಟೋ ತೆಗೆಯುತ್ತಿದ್ದೀರಿ. ತಳದಿಂದ ಫಿಲ್ಮ್ ಹಾಕುವ ಹಳೆಯ ಫೆಡ್, ಝೋರ್ಕಿ-1, ಲೈಕಾ-3ಗಳಿಗೆ ಫಿಲ್ಮಿನ ಮೂತಿಯನ್ನು ಸುಮಾರು 10 ಸೆಂ.ಮೀ. ಉದ್ದಕ್ಕೆ ಕತ್ತರಿಸಿಕೊಳ್ಳಬೇಕು. ಇಲ್ಲದಿದ್ದರೆ ಒಳಗೆ ಚೂರು ಸಿಕ್ಕಿಕೊಂಡು ಶಟರೇ ಹಾಳು.

ಬೆಳಕಿಗೆ ಹಳೆಯ ಸೂತ್ರ: ಸುಡುಬಿಸಿಲಿಗೆ ಎಫ್/16, ವೇಗ ಫಿಲ್ಮಿನ ಐಎಸ್ಒ ಅಂಕಿಗೆ ಹತ್ತಿರದ್ದು. 400ರ ಫಿಲ್ಮಿಗೆ 1/500. ಮೋಡ ಕವಿದಿದ್ದರೆ ಎಫ್/8, ಮರದಡಿಯ ತೆರೆದ ನೆರಳಿಗೆ ಎಫ್/5.6. ಮಲೆನಾಡಿನ ಮಳೆಗಾಲದ ಮಧ್ಯಾಹ್ನಕ್ಕೆ ಅದೂ ಸಾಲದು, ಇನ್ನೂ ತೆರೆಯಿರಿ. ಅನುಮಾನ ಬಂದಾಗಲೆಲ್ಲ ಬೆಳಕು ಹೆಚ್ಚಿಗೆ ಕೊಡಿ.

ಫೋಕಸ್ ಪರೀಕ್ಷೆಗೆ ಐದು ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಮೇಜಿನ ಮೇಲೆ ಓರೆಸಾಲಿನಲ್ಲಿ, ಒಂದಕ್ಕಿಂತ ಒಂದು ಎರಡು ಅಂಗುಲ ಹಿಂದೆ ಇರುವಂತೆ ಜೋಡಿಸಿ. ಮಧ್ಯದ್ದು ಒಂದು ಮೀಟರ್ ದೂರದಲ್ಲಿರಲಿ. ಅದರ ಚೀಟಿಯ ಅಕ್ಷರಕ್ಕೆ ಬಿಂಬ ಕೂಡಿಸಿ, ಎಫ್/2ರಲ್ಲಿ ತೆಗೆಯಿರಿ. 50 ಮಿ.ಮೀ. ಲೆನ್ಸಿಗೆ ಆ ದೂರದಲ್ಲಿ ಸ್ಪಷ್ಟತೆಯ ಆಳ ಒಟ್ಟು 5 ಸೆಂ.ಮೀ. ಆಸುಪಾಸು. ಯಾವ ಪೊಟ್ಟಣದ ಅಕ್ಷರ ಓದಲು ಬರುತ್ತದೋ ಅದೇ ನಿಮ್ಮ ಕ್ಯಾಮೆರಾದ ಜಾತಕ.

ಬೀದಿಯಲ್ಲಿ ಪ್ರತಿ ಸಲ ಬಿಂಬ ಕೂಡಿಸುತ್ತಾ ನಿಂತರೆ ದನ, ಸ್ಕೂಟರ್, ಮನುಷ್ಯರು ಯಾರೂ ಕಾಯುವುದಿಲ್ಲ. ಎಫ್/11 ಇಟ್ಟು ಲೆನ್ಸನ್ನು 5 ಮೀಟರಿಗೆ ತಿರುಗಿಸಿ ಬಿಟ್ಟರೆ ಸುಮಾರು 3 ಮೀಟರಿಂದ 14 ಮೀಟರಿನ ತನಕ ಎಲ್ಲವೂ ಸ್ಪಷ್ಟ. ಆಮೇಲೆ ಕಣ್ಣಿಗೆ ಎತ್ತುವುದು, ಒತ್ತುವುದು, ಅಷ್ಟೇ. ಹತ್ತಿರದ ವಸ್ತುವಾದರೆ ವ್ಯೂಫೈಂಡರ್ ನೋಡುವುದೂ ಲೆನ್ಸ್ ನೋಡುವುದೂ ಬೇರೆ ಬೇರೆ. ತಲೆಯ ಮೇಲೆ ಸ್ವಲ್ಪ ಜಾಗ ಹೆಚ್ಚಿಗೆ ಬಿಡಿ. ಇನ್ನು ಲೆನ್ಸಿನ ಮುಚ್ಚಳ. ಅದು ಹಾಕಿಯೇ ಇದ್ದರೂ ವ್ಯೂಫೈಂಡರಿನಲ್ಲಿ ಜಗತ್ತು ಚೆನ್ನಾಗಿಯೇ ಕಾಣುತ್ತದೆ. ತಂಗಿಯ ಸೀಮಂತದ ಹನ್ನೊಂದು ಫ್ರೇಮ್ ನಾನು ಹೀಗೆ ಕಳೆದಿದ್ದೇನೆ. ಆ ವಿಷಯ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಹಾಗಂತ ಮುಚ್ಚಳವನ್ನು ಬಿಸಾಡಬೇಡಿ. ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾದಂತೆ ಇಲ್ಲಿ ಲೆನ್ಸಿಗೂ ಪರದೆಗೂ ನಡುವೆ ಕನ್ನಡಿಯಿಲ್ಲ. ಲೆನ್ಸ್ ಎಂದರೆ ಭೂತಗನ್ನಡಿಯೇ. ಅನಂತಕ್ಕೆ ಇಟ್ಟ ಲೆನ್ಸನ್ನು ಸೂರ್ಯನತ್ತ ತಿರುಗಿಸಿ ಮೇಜಿನ ಮೇಲೋ ಕಾರಿನ ಡ್ಯಾಶ್‌ಬೋರ್ಡಿನ ಮೇಲೋ ಮರೆತರೆ, ಬಟ್ಟೆಯ ಪರದೆ ಸುಟ್ಟು ತೂತು ಬೀಳುತ್ತದೆ.

ಮಳೆಗಾಲ ದಾಟಿಸುವುದು

ಲೆನ್ಸಿನ ನಿಜವಾದ ಶತ್ರು ಆಷಾಢ. ಚರ್ಮದ ಚೀಲ ಚೆಂದವೇ, ಆದರೆ ಅದರೊಳಗಿಟ್ಟರೆ ಬೂಷ್ಟಿಗೆ ಹಾಸಿಗೆ ಹಾಸಿಕೊಟ್ಟಂತೆ. ಅಡುಗೆಮನೆಯ ಗಾಳಿಯಾಡದ ಡಬ್ಬಿ, ಅದರಲ್ಲಿ ಬಣ್ಣ ಬದಲಾಗುವ ಸಿಲಿಕಾ ಜೆಲ್, ಒಂದು ಅಗ್ಗದ ತೇವಮಾಪಕ. ಮುಳ್ಳು 40ರಿಂದ 50ರ ನಡುವೆ ಇದ್ದರೆ ಸರಿ. ಬಣ್ಣ ತಿರುಗಿದ ಜೆಲ್ಲನ್ನು ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಅಕ್ಕಿಯಲ್ಲಿ ಹುಗಿದಿಡುವ ಸಲಹೆಯನ್ನು ಕೇಳಬೇಡಿ, ಅದರ ಹಿಟ್ಟು ಫೋಕಸಿನ ಗ್ರೀಸಿಗೆ ಅಂಟುತ್ತದೆ.

ಶಟರ್ ಎಳೆದು ಇಡಬಾರದು, ಸ್ಪ್ರಿಂಗ್ ಸೋಲುತ್ತದೆ. ತಿಂಗಳಿಗೊಮ್ಮೆ ಹೊರತೆಗೆದು ಎಲ್ಲ ವೇಗದಲ್ಲೂ ಹತ್ತು ಸಲ ಹೊಡೆಯಿರಿ, ಅಪರ್ಚರ್ ಮತ್ತು ಫೋಕಸ್ ಬಳೆಗಳನ್ನು ಕೊನೆಯಿಂದ ಕೊನೆಗೆ ತಿರುಗಿಸಿ, ಅರ್ಧ ಗಂಟೆ ಬೆಳಕು ಬೀಳುವ ಕಡೆ ಇಡಿ, ನೇರ ಬಿಸಿಲಿಗಲ್ಲ. ಕಪಾಟಿನಲ್ಲಿ ಇಪ್ಪತ್ತು ವರ್ಷ ಕೂತ ‘ಹೊಸದರಂತಿರುವ’ ಕ್ಯಾಮೆರಾಕ್ಕಿಂತ, ಅಂಚಿನ ಬಣ್ಣ ಹೋಗಿ ಹಿತ್ತಾಳೆ ಕಾಣುವ ಕ್ಯಾಮೆರಾವನ್ನು ನಾನು ಆರಿಸುವುದು ಇದಕ್ಕೇ.

ಪರದೆಯ ಸಣ್ಣ ತೂತಿಗೆ ಬಟ್ಟೆಗೆ ಹಚ್ಚುವ ಕಪ್ಪು ಬಣ್ಣವನ್ನು ತೀರ ತೆಳ್ಳಗೆ, ನಂಬರ್ ಸೊನ್ನೆಯ ಕುಂಚದಲ್ಲಿ ಮುಟ್ಟಿಸಬೇಕು. ದಪ್ಪಗಾದರೆ ಉರುಳೆಗೆ ಸುತ್ತುವಾಗ ಪರದೆ ಸಿಡುಕುತ್ತದೆ. ಒಂದು ಇಡೀ ದಿನ ಒಣಗುವ ತನಕ ಶಟರ್ ಎಳೆಯುವಂತಿಲ್ಲ. ನನ್ನ ಆ ಝೋರ್ಕಿ-4ಕ್ಕೆ ಹೀಗೆ ಐದು ಕಡೆ ತೇಪೆಯಿದೆ. ಅಜ್ಜಿಯನ್ನು ಅದೇ ಜಗಲಿಯಲ್ಲಿ ಕೂರಿಸಿ ಇನ್ನೊಮ್ಮೆ ತೆಗೆದೆ, ಈ ಸಲ ಅವಳೇ ಚುಕ್ಕೆ ಸೀರೆ ಉಟ್ಟುಕೊಂಡು ಬಂದು ಕೂತಳು.